ನಾಲ್ಕು ಗಡಿಯೂ ಕಡಲಾದ ನೆಲ

ಜಮೀನಿನ ಯಾವ ದಸ್ತಾವೇಜನ್ನು ತೆರೆದರೂ ಅದರಲ್ಲಿ ಚಕ್ಕುಬಂದಿಯೆಂಬ ಒಂದು ಭಾಗವಿರುತ್ತದೆ. ಪೂರ್ವಕ್ಕೆ ಇಂಥವರ ತೋಟ, ದಕ್ಷಿಣಕ್ಕೆ ತೋಡು, ಪಶ್ಚಿಮಕ್ಕೆ ಸರಕಾರಿ ರಸ್ತೆ, ಉತ್ತರಕ್ಕೆ ಇಂಥವರ ಹಿತ್ತಿಲು ಎಂದು ನಾಲ್ಕು ದಿಕ್ಕುಗಳ ಗಡಿಯನ್ನು ಅಲ್ಲಿ ಬರೆದಿರುತ್ತಾರೆ. ಕಾನೂನಿನ ಕಣ್ಣಿಗೆ ನೆಲವೆಂದರೆ ಈ ನಾಲ್ಕು ಗೆರೆಗಳ ನಡುವೆ ಅಲುಗಾಡದೆ ಇರುವ ವಸ್ತು. ಆ ಕಾರಣದಿಂದಲೇ ಅದಕ್ಕೆ ಸ್ಥಿರಾಸ್ತಿಯೆಂಬ ಹೆಸರು. ಹಣ ಕೈಬದಲಾಗುತ್ತದೆ, ಚಿನ್ನ ಕಳವಾಗುತ್ತದೆ, ನೆಲ ಮಾತ್ರ ಇದ್ದಲ್ಲೇ ಇರುತ್ತದೆ ಎಂಬ ನಂಬಿಕೆಯ ಮೇಲೆ ನಮ್ಮ ಎಲ್ಲ ಭೂಕಾನೂನುಗಳೂ ನಿಂತಿವೆ.

ಆದರೆ ನಾಲ್ಕು ದಿಕ್ಕಿನ ಗಡಿಯೂ ಕಡಲೇ ಆಗಿರುವ, ನೆಲವೇ ಋತುವಿಗೊಮ್ಮೆ ಸ್ಥಳ ಬದಲಿಸುವ ಒಂದು ದೇಶ ನಮ್ಮ ಕಾಸರಗೋಡಿನ ತೀರದಿಂದ ನೈಋತ್ಯಕ್ಕೆ ಆರುನೂರು ಕಿಲೋಮೀಟರಿಗೆ ಸ್ವಲ್ಪ ಮಿಕ್ಕಿದ ದೂರದಲ್ಲಿ ಆರಂಭವಾಗುತ್ತದೆ. ಅದು ಮಾಲ್ಡೀವ್ಸ್. ಅಲ್ಲಿನವರು ತಮ್ಮ ದೇಶವನ್ನು ದಿವೆಹಿ ರಾಜ್ಜೆ ಎಂದು ಕರೆಯುತ್ತಾರೆ. ಪ್ರವಾಸದ ಜಾಹೀರಾತುಗಳಲ್ಲಿ ನೀಲಿ ನೀರು, ಬಿಳಿ ಮರಳು, ತೆಂಗಿನ ಮರವಾಗಿ ಮಾತ್ರ ಕಾಣುವ ಈ ದೇಶದ ಭೂಗೋಳವನ್ನು ನಮ್ಮ ಮಕ್ಕಳು ಸ್ವಲ್ಪ ಹತ್ತಿರದಿಂದ ನೋಡಬೇಕೆಂಬುದು ಈ ವಾರದ ಅಂಕಣದ ಆಶಯ.

ಚದುರಿದ ದೇಶ

ಭೂಪಟದಲ್ಲಿ ಮಾಲ್ಡೀವ್ಸ್ ಒಂದು ಉದ್ದನೆಯ ಮಣಿಮಾಲೆಯಂತೆ ಕಾಣುತ್ತದೆ. ಉತ್ತರದಲ್ಲಿ ಸುಮಾರು 7 ಡಿಗ್ರಿ ಅಕ್ಷಾಂಶದಿಂದ ತೊಡಗಿ, ಸಮಭಾಜಕ ವೃತ್ತವನ್ನು ದಾಟಿ, ದಕ್ಷಿಣಕ್ಕೆ ಒಂದು ಡಿಗ್ರಿಗೂ ಕಡಿಮೆ ಅಂತರದಲ್ಲಿ ಅದು ಮುಗಿಯುತ್ತದೆ. ಉದ್ದ ಎಂಟುನೂರು ಕಿಲೋಮೀಟರಿಗೂ ಹೆಚ್ಚು, ಅಗಲ ಸುಮಾರು 130 ಕಿಲೋಮೀಟರು. ಈ ವಿಸ್ತಾರದಲ್ಲಿ ಸುಮಾರು 1,190 ದ್ವೀಪಗಳಿವೆ; ಅವುಗಳಲ್ಲಿ ಜನವಸತಿಯಿರುವವು ಇನ್ನೂರಕ್ಕಿಂತ ಕಡಿಮೆ. ಎಲ್ಲ ದ್ವೀಪಗಳ ನೆಲವನ್ನು ಒಟ್ಟು ಕೂಡಿಸಿದರೂ ಸುಮಾರು 300 ಚದರ ಕಿಲೋಮೀಟರು ಮಾತ್ರ. ನಮ್ಮ ಕಾಸರಗೋಡು ಜಿಲ್ಲೆಯ ವಿಸ್ತೀರ್ಣ ಸುಮಾರು 1,990 ಚದರ ಕಿಲೋಮೀಟರು. ಎಂದರೆ ಇಡೀ ಒಂದು ಸಾರ್ವಭೌಮ ರಾಷ್ಟ್ರದ ನೆಲ ನಮ್ಮ ಜಿಲ್ಲೆಯ ಆರನೆಯ ಒಂದಂಶಕ್ಕೂ ಬಾರದು. ಅಷ್ಟು ನೆಲದ ಮೇಲೆ ಐದು ಲಕ್ಷಕ್ಕೂ ಮಿಕ್ಕಿ ಜನ ಬಾಳುತ್ತಾರೆ. ಅವರಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಮಂದಿ ರಾಜಧಾನಿ ಮಾಲೆ ಹಾಗೂ ಅದಕ್ಕೆ ಅಂಟಿಕೊಂಡ ಕೆಲವು ದ್ವೀಪಗಳಲ್ಲೇ ಇದ್ದಾರೆ.

ನೆಲ ಇಷ್ಟು ಕಿರಿದಾದರೂ ಕಡಲಿನ ಲೆಕ್ಕ ಬೇರೆಯೇ. ಅಂತಾರಾಷ್ಟ್ರೀಯ ಕಾನೂನಿನಂತೆ ಈ ದೇಶಕ್ಕೆ ಮೀನು ಹಿಡಿಯುವ ಹಾಗೂ ಸಂಪತ್ತನ್ನು ಬಳಸುವ ಹಕ್ಕಿರುವ ಸಮುದ್ರ ಸುಮಾರು ಒಂಬತ್ತು ಲಕ್ಷ ಚದರ ಕಿಲೋಮೀಟರು. ಕರ್ನಾಟಕ ರಾಜ್ಯದ ನಾಲ್ಕು ಪಟ್ಟಿಗೂ ಹೆಚ್ಚು. ಈ ಎರಡು ಅಂಕಿಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಕಾನೂನಿನ ಮಾತು ಬಂದಾಗ ಇವು ಮತ್ತೆ ಬೇಕಾಗುತ್ತವೆ.

ಇನ್ನು ಎತ್ತರ. ಮಾಲ್ಡೀವ್ಸಿನಲ್ಲಿ ಗುಡ್ಡವಿಲ್ಲ, ಹೊಳೆಯಿಲ್ಲ, ಕಣಿವೆಯಿಲ್ಲ. ನೆಲದ ಸರಾಸರಿ ಎತ್ತರ ಕಡಲಮಟ್ಟದಿಂದ ಸುಮಾರು ಒಂದೂವರೆ ಮೀಟರು. ಬಹುಪಾಲು ನೆಲ ಒಂದು ಮೀಟರಿಗಿಂತಲೂ ಕೆಳಗಿದೆ. ಜಗತ್ತಿನಲ್ಲಿ ಇಷ್ಟು ತಗ್ಗಿನ ದೇಶ ಇನ್ನೊಂದಿಲ್ಲ.

ಹವಳ ಕಟ್ಟಿದ ನೆಲ

ಇಷ್ಟು ತಗ್ಗಿನ ನೆಲ ಆಳವಾದ ಮಹಾಸಾಗರದ ನಡುವೆ ಹೇಗೆ ಹುಟ್ಟಿತು? ಈ ಕತೆಯ ಮೊದಲ ಅಧ್ಯಾಯ ನಮ್ಮ ಓದುಗರಲ್ಲಿ ಹಲವರ ಕಾಲಡಿಯಲ್ಲೇ ಇದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮತ್ತು ಅತ್ತ ವಿಜಯಪುರ, ಕಲಬುರಗಿಗಳ ಕಪ್ಪು ಮಣ್ಣಿನ ಕೆಳಗಿರುವ ಕರಿಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾರಸ. ಆ ಲಾವಾರಸವನ್ನು ಉಕ್ಕಿಸಿದ ಬಿಸಿಯ ಬುಗ್ಗೆ ಭೂಮಿಯ ಆಳದಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅದರ ಮೇಲೆ ಭಾರತದ ಭೂಫಲಕ ಉತ್ತರಾಭಿಮುಖವಾಗಿ ಸರಿಯುತ್ತಾ ಹೋಯಿತು. ಬಟ್ಟೆಯನ್ನು ಎಳೆಯುತ್ತಾ ಹೋದಂತೆ ಸೂಜಿ ಸಾಲಾಗಿ ಹೊಲಿಗೆ ಹಾಕುವ ಹಾಗೆ, ಆ ಬುಗ್ಗೆ ದಖ್ಖನ್ನಿನ ಬಳಿಕ ಲಕ್ಷದ್ವೀಪದ ತಳವನ್ನು, ಆಮೇಲೆ ಮಾಲ್ಡೀವ್ಸಿನ ತಳವನ್ನು, ಮುಂದೆ ಚಾಗೋಸ್ ದ್ವೀಪಗಳ ತಳವನ್ನು ಕಟ್ಟಿತು. ಇಂದು ಅದೇ ಬುಗ್ಗೆ ಮಡಗಾಸ್ಕರಿನ ಪೂರ್ವದ ರಿಯೂನಿಯನ್ ದ್ವೀಪದಲ್ಲಿ ಜ್ವಾಲಾಮುಖಿಯಾಗಿ ಉರಿಯುತ್ತಿದೆ. ಮಾಲ್ಡೀವ್ಸಿನ ಬೆಂಕಿಕಲ್ಲಿಗೆ ಐದೂವರೆ ಕೋಟಿ ವರ್ಷಗಳಿಗೂ ಹೆಚ್ಚಿನ ವಯಸ್ಸು. ಹೀಗಾಗಿ ದಖ್ಖನ್ನಿನ ಹೊಲದ ಕಲ್ಲೂ ಆ ದ್ವೀಪಗಳ ತಳಪಾಯವೂ ಒಂದೇ ಒಲೆಯಲ್ಲಿ ಬೆಂದವು.

ಜ್ವಾಲಾಮುಖಿ ಆರಿದ ಮೇಲೆ ಆ ಪರ್ವತಗಳು ತಣ್ಣಗಾಗಿ ನಿಧಾನವಾಗಿ ಕುಸಿಯತೊಡಗಿದವು. ಬೆಚ್ಚಗಿನ, ಬೆಳಕು ಬೀಳುವ ನೀರಿನಲ್ಲಿ ಅವುಗಳ ಅಂಚಿನಲ್ಲಿ ಹವಳದ ಜೀವಿಗಳು ನೆಲೆಸಿದ್ದವು. ಸಾಸಿವೆಯಿಂದ ಕಡಲೆಕಾಳಿನಷ್ಟು ಗಾತ್ರದ ಈ ಜೀವಿಗಳು ಸಮುದ್ರದ ನೀರಿನಿಂದ ಸುಣ್ಣವನ್ನು ಹೀರಿ ತಮ್ಮ ಸುತ್ತ ಗೂಡು ಕಟ್ಟಿಕೊಳ್ಳುತ್ತವೆ. ಒಂದು ಪೀಳಿಗೆ ಸತ್ತರೆ ಅದರ ಗೂಡಿನ ಮೇಲೆ ಇನ್ನೊಂದು ಪೀಳಿಗೆ ಬೆಳೆಯುತ್ತದೆ. ತಳ ಕುಸಿದಷ್ಟೂ ಅವು ಬೆಳಕಿಗಾಗಿ ಮೇಲಕ್ಕೆ ಕಟ್ಟುತ್ತಾ ಬಂದವು. ಪರ್ವತ ಮುಳುಗಿಹೋಯಿತು, ಅದರ ಸುತ್ತ ಕಟ್ಟಿದ ಹವಳದ ಬಳೆ ಮಾತ್ರ ಉಳಿಯಿತು. ಈ ವಿವರಣೆಯನ್ನು ಮೊದಲು ಕೊಟ್ಟವನು ಚಾರ್ಲ್ಸ್ ಡಾರ್ವಿನ್, 1842ರಲ್ಲಿ ಪ್ರಕಟವಾದ ತನ್ನ ಹವಳದ ದಿಬ್ಬಗಳ ಪುಸ್ತಕದಲ್ಲಿ. ಹಿಮಯುಗಗಳಲ್ಲಿ ಕಡಲು ನೂರು ಮೀಟರಿಗೂ ಹೆಚ್ಚು ಇಳಿದು ಮತ್ತೆ ಏರಿದ್ದು ಕೂಡ ಈ ಬಳೆಗಳ ಆಕಾರವನ್ನು ತಿದ್ದಿತೆಂದು ಈಚಿನ ವಿಜ್ಞಾನಿಗಳು ಹೇಳುತ್ತಾರೆ. ಮಾಲ್ಡೀವ್ಸಿನ ಕೆಳಗೆ ಬೆಂಕಿಕಲ್ಲನ್ನು ಮುಟ್ಟಬೇಕಾದರೆ ಎರಡು ಕಿಲೋಮೀಟರಿಗೂ ಮಿಕ್ಕಿ ಸುಣ್ಣಕಲ್ಲನ್ನು ಕೊರೆಯಬೇಕಾಗುತ್ತದೆ.

ಇಂಥ ಬಳೆಗೆ ಜಗತ್ತಿನ ಎಲ್ಲ ಭಾಷೆಗಳಲ್ಲೂ ಈಗ ಅಟಾಲ್ ಎಂಬ ಹೆಸರು ಸಲ್ಲುತ್ತದೆ. ಆ ಪದ ಬಂದದ್ದು ಮಾಲ್ಡೀವ್ಸಿನ ದಿವೆಹಿ ಭಾಷೆಯ ‘ಅತೊಳು’ ಎಂಬುದರಿಂದ. ಲಕ್ಷಗಟ್ಟಲೆ ಜನರಷ್ಟೇ ಆಡುವ ಒಂದು ಸಣ್ಣ ಭಾಷೆ ಲೋಕದ ಭೂಗೋಳಶಾಸ್ತ್ರಕ್ಕೆ ಒಂದು ಪದವನ್ನು ಕೊಟ್ಟಿದೆ. ಆ ಪದದ ಳಕಾರವನ್ನು ಇಂಗ್ಲಿಷಿನಲ್ಲಿ ಬರೆಯಲು ಎರಡು ಅಕ್ಷರ ಕೂಡಿಸಿ ಒದ್ದಾಡಬೇಕು. ನಮ್ಮ ಲಿಪಿಯಲ್ಲಿ ಅದು ಸಲೀಸಾಗಿ ಬರುತ್ತದೆ. ಮಾಲ್ಡೀವ್ಸಿನಲ್ಲಿ ಇಂಥ 26 ನೈಸರ್ಗಿಕ ಅತೊಳುಗಳಿವೆ. ದಕ್ಷಿಣದ ಹುವದು ಅತೊಳು ಜಗತ್ತಿನ ಅತಿ ದೊಡ್ಡ ಅತೊಳುಗಳಲ್ಲಿ ಒಂದು.

ಬಳೆಯ ಮೇಲೆ ಅಲ್ಲಲ್ಲಿ ಮರಳು ಕೂಡಿ ದ್ವೀಪವಾಗುತ್ತದೆ. ಈ ಮರಳು ನಮ್ಮ ಹೊಳೆಗಳು ಗುಡ್ಡದಿಂದ ತರುವ ಮರಳಲ್ಲ. ಅಲ್ಲಿ ಗುಡ್ಡವೂ ಇಲ್ಲ, ಹೊಳೆಯೂ ಇಲ್ಲ. ಅದು ಸಂಪೂರ್ಣವಾಗಿ ಜೀವಿಗಳ ಸೃಷ್ಟಿ. ಹವಳದ ಚೂರು, ಚಿಪ್ಪು, ಸುಣ್ಣ ಕಟ್ಟುವ ಪಾಚಿ ಎಲ್ಲವೂ ಅದರಲ್ಲಿವೆ. ಇದರಲ್ಲಿ ಗಿಳಿಮೀನಿನ ಪಾಲು ಬೆರಗು ಹುಟ್ಟಿಸುವಂಥದು. ಗಿಳಿಯ ಕೊಕ್ಕಿನಂಥ ಬಾಯಿಯುಳ್ಳ ಈ ಮೀನು ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುವಾಗ ಕಲ್ಲನ್ನೂ ಕಡಿಯುತ್ತದೆ; ಹೊಟ್ಟೆಯಲ್ಲಿ ಅರೆದು ಬಿಳಿ ಮರಳಾಗಿ ಹೊರಹಾಕುತ್ತದೆ. ವಕ್ಕರು ಎಂಬ ದ್ವೀಪದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಲ್ಲಿನ ದಿಬ್ಬದಲ್ಲಿ ಹೊಸದಾಗಿ ಹುಟ್ಟುವ ಮರಳಿನ ನೂರಕ್ಕೆ 85 ಪಾಲಿಗೂ ಹೆಚ್ಚು ಈ ಮೀನುಗಳಿಂದಲೇ ಬರುತ್ತದೆಂದು ಲೆಕ್ಕ ಹಾಕಿತು. ಪ್ರವಾಸಿಗರು ಬರಿಗಾಲಲ್ಲಿ ನಡೆದಾಡುವ ಬೆಳ್ಳನೆಯ ಮರಳಿನ ದಂಡೆ ಬಹುಪಾಲು ಮೀನಿನ ಹೊಟ್ಟೆಯಿಂದ ಬಂದದ್ದು.

ಹೀಗೆ ಕೂಡಿದ ದ್ವೀಪಗಳ ವಯಸ್ಸು ಕೆಲವೇ ಸಾವಿರ ವರ್ಷ. ಅವು ನಿಂತಲ್ಲಿ ನಿಂತವೂ ಅಲ್ಲ. ಗಾಳಿ ನೈಋತ್ಯದಿಂದ ಬೀಸುವಾಗ ಅಲೆಗಳು ಮರಳನ್ನು ದ್ವೀಪದ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಸಾಗಿಸುತ್ತವೆ. ಈಶಾನ್ಯದಿಂದ ಬೀಸಿದಾಗ ಅದು ಹಿಂದಿರುಗುತ್ತದೆ. ದಂಡೆ ವರ್ಷಕ್ಕೆರಡು ಬಾರಿ ದ್ವೀಪವನ್ನು ಸುತ್ತಿ ಬರುತ್ತದೆಂದರೆ ತಪ್ಪಾಗದು. ಸ್ಥಿರಾಸ್ತಿಯೆಂಬ ಪದ ಅಲ್ಲಿ ಎಷ್ಟು ಒಗ್ಗೀತೆಂದು ಓದುಗರೇ ಯೋಚಿಸಬೇಕು.

ನಕ್ಷತ್ರಗಳ ಪಂಚಾಂಗ

ಮಾಲ್ಡೀವ್ಸಿನ ಹವೆಯನ್ನು ಎರಡು ಮಾರುತಗಳು ಆಳುತ್ತವೆ. ನೈಋತ್ಯದಿಂದ ಮಳೆ ತರುವ ಕಾಲಕ್ಕೆ ಹುಳಂಗು ಎಂದೂ ಈಶಾನ್ಯದಿಂದ ಒಣಗಾಳಿ ಬೀಸುವ ಕಾಲಕ್ಕೆ ಇರುವೈ ಎಂದೂ ಹೆಸರು. ಸುತ್ತಲೂ ಸಮುದ್ರವೇ ಇರುವುದರಿಂದ ಚಳಿಗಾಲ, ಬೇಸಗೆಯೆಂಬ ಅಂತರ ಇಲ್ಲವೆನ್ನುವಷ್ಟು ಕಡಿಮೆ. ವರ್ಷವಿಡೀ ತಾಪಮಾನ 25ರಿಂದ 31 ಡಿಗ್ರಿಯ ನಡುವೆ ಓಲಾಡುತ್ತದೆ. ಉತ್ತರಕ್ಕಿಂತ ದಕ್ಷಿಣದಲ್ಲಿ ಮಳೆ ಹೆಚ್ಚು. ರಾಜಧಾನಿಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೆ ಸಮೀಪ. ನಮ್ಮ ಜಿಲ್ಲೆಯಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಸುರಿಯುತ್ತದೆ. ಅದೇ ಮುಂಗಾರು ಗಾಳಿ, ಅದೇ ಅರಬ್ಬೀ ಸಮುದ್ರ. ಆದರೆ ನಮಗೆ ಬೆನ್ನಿಗೆ ಘಟ್ಟವಿದೆ. ಗಾಳಿ ಘಟ್ಟವನ್ನು ಏರುವಾಗ ತಣಿದು ತನ್ನ ತೇವವನ್ನು ನಮ್ಮ ಮೇಲೆ ಇಳಿಸುತ್ತದೆ. ದ್ವೀಪಗಳಲ್ಲಿ ಗಾಳಿಯನ್ನು ತಡೆಯುವ ಎತ್ತರವೇ ಇಲ್ಲ.

ಚಂಡಮಾರುತಗಳು ಅಲ್ಲಿ ಅಪರೂಪ. ಗಾಳಿಯನ್ನು ಸುಳಿಯಾಗಿ ತಿರುಗಿಸುವುದು ಭೂಮಿಯ ಸ್ವಂತ ಭ್ರಮಣ. ಸಮಭಾಜಕದ ಬಳಿ ಆ ತಿರುಗಿಸುವ ಬಲ ತೀರ ಕ್ಷೀಣ. ಆದ್ದರಿಂದ ಒಡಿಶಾ, ಆಂಧ್ರಗಳ ಕರಾವಳಿಯನ್ನು ಅಪ್ಪಳಿಸುವಂಥ ಬಿರುಗಾಳಿಯ ಭಯ ಈ ತಗ್ಗಿನ ದೇಶಕ್ಕೆ ಹೆಚ್ಚಾಗಿ ಇಲ್ಲ. ಇಲ್ಲದಿದ್ದರೆ ಒಂದೂವರೆ ಮೀಟರು ಎತ್ತರದಲ್ಲಿ ಮನುಷ್ಯರು ಸಾವಿರಾರು ವರ್ಷ ಬಾಳುವುದು ಕಷ್ಟವಿತ್ತು.

ಹವೆಯನ್ನು ಅಳೆಯಲು ಆ ಜನ ಬಳಸಿದ ಪಂಚಾಂಗ ನಮ್ಮ ಮನೆಗಳಿಗೆ ಅಪರಿಚಿತವಲ್ಲ. ವರ್ಷವನ್ನು ಹದಿಮೂರು, ಹದಿನಾಲ್ಕು ದಿನಗಳ 27 ಭಾಗಗಳಾಗಿ ವಿಂಗಡಿಸಿ ಒಂದೊಂದಕ್ಕೂ ಒಂದು ನಕ್ಷತ್ರದ ಹೆಸರಿಟ್ಟಿದ್ದಾರೆ. ಆ ಭಾಗಕ್ಕೆ ನಕೈ ಎಂದು ಹೆಸರು. ನಕ್ಷತ್ರವೆಂಬುದರ ರೂಪವೇ ಅದು. ಅಶ್ವಿನಿ ಅಲ್ಲಿ ಅಸ್ಸಿದ, ಭರಣಿ ಬುರುನು, ಕೃತ್ತಿಕೆ ಕೆತಿ, ರೋಹಿಣಿ ರೋನು, ಮೃಗಶಿರ ಮಿಯಹೆಲಿ, ಆರ್ದ್ರೆ ಅದ. ಏಪ್ರಿಲ್ 8ರಂದು ಅಸ್ಸಿದದೊಂದಿಗೆ ಹುಳಂಗು ಕಾಲ ತೊಡಗುತ್ತದೆಂಬುದು ಸಾಂಪ್ರದಾಯಿಕ ಎಣಿಕೆ. ಹದಿನೆಂಟು ನಕೈ ಹುಳಂಗಿಗೆ, ಒಂಬತ್ತು ಇರುವೈಗೆ. ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರ ಮಳೆಯೆಂದು ಲೆಕ್ಕವಿಟ್ಟು ಬಿತ್ತುವ ಬಯಲುಸೀಮೆಯ ರೈತನೂ, ತಿರುವಾದಿರ ಞಾಟುವೇಲದಲ್ಲಿ ಕಾಳುಮೆಣಸಿನ ಬಳ್ಳಿ ನೆಡುವ ಮಲಯಾಳದ ಕೃಷಿಕನೂ, ಯಾವ ನಕೈಯಲ್ಲಿ ದೋಣಿ ಇಳಿಸಬಹುದೆಂದು ನೋಡುವ ದಿವೆಹಿ ಬೆಸ್ತನೂ ಒಂದೇ ಆಕಾಶದ ಗಡಿಯಾರವನ್ನು ನೋಡಿದವರು. ಮುಸ್ಲಿಮರೇ ಇರುವ ಆ ದೇಶದಲ್ಲಿ ಹಬ್ಬಗಳಿಗೆ ಚಾಂದ್ರಮಾನದ ಹಿಜರಿ ಪಂಚಾಂಗ. ಆದರೆ ಮಳೆಗೂ ಮೀನಿಗೂ ನಕೈ. ಮಾರುತವು ಯಾರ ಮತವನ್ನೂ ಕೇಳುವುದಿಲ್ಲವಷ್ಟೆ.

ಬಾವಿಯೊಳಗಿನ ಮಸೂರ

ಹೊಳೆಯಿಲ್ಲದ ನೆಲದಲ್ಲಿ ಕುಡಿಯುವ ನೀರೆಲ್ಲಿಂದ? ಮಳೆಯ ನೀರು ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲುತ್ತಾ ನಿಲ್ಲುತ್ತದೆ. ದ್ವೀಪದ ನಡುವೆ ದಪ್ಪ, ಅಂಚಿನಲ್ಲಿ ತೆಳು. ಆಕಾರದಲ್ಲಿ ಕನ್ನಡಕದ ಮಸೂರದಂತೆ. ತಾತ್ತ್ವಿಕವಾಗಿ, ಕಡಲಮಟ್ಟಕ್ಕಿಂತ ಒಂದು ಅಡಿ ಮೇಲೆ ನಿಂತ ಸಿಹಿನೀರು ತನ್ನ ಕೆಳಗೆ ನಲವತ್ತು ಅಡಿ ಸಿಹಿನೀರಿರುವುದನ್ನು ಸೂಚಿಸುತ್ತದೆ. ಆದರೆ ತೂತುತೂತಾದ ಹವಳದ ಕಲ್ಲಿನಲ್ಲಿ ಉಬ್ಬರವಿಳಿತಗಳು ಎರಡನ್ನೂ ಬೆರೆಸುವುದರಿಂದ ನಿಜವಾದ ಮಸೂರ ಇನ್ನೂ ತೆಳ್ಳಗೆ. ನೂರಾರು ವರ್ಷ ಆ ಜನ ಆಳವಿಲ್ಲದ ಬಾವಿಗಳಿಂದ ಈ ನೀರನ್ನು ಮೊಗೆದು ಕುಡಿದರು. ಹೆಚ್ಚು ಎತ್ತಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಕಡಲತಡಿಯ ನಮ್ಮ ಊರುಗಳಲ್ಲಿ ಬೇಸಗೆಯ ಕೊನೆಗೆ ಬಾವಿನೀರು ಸಪ್ಪೆಯಿಂದ ಉಪ್ಪಿಗೆ ತಿರುಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2004ರ ಡಿಸೆಂಬರ್ 26ರ ಸುನಾಮಿ ಈ ಮಸೂರದ ನಾಜೂಕನ್ನು ತೋರಿಸಿಕೊಟ್ಟಿತು. ಸುಮಾತ್ರಾದ ಬಳಿ ಭೂಮಿ ಕಂಪಿಸಿದ ಮೂರು ಗಂಟೆಗಳಿಗೂ ಮಿಕ್ಕಿದ ಸಮಯದ ಬಳಿಕ ಅಲೆ ಅಲ್ಲಿಗೆ ತಲುಪಿತು. ಅತೊಳುಗಳು ಆಳವಾದ ಕಡಲಿನಿಂದ ಕಂಬದಂತೆ ನೇರವಾಗಿ ಎದ್ದಿರುವುದರಿಂದ, ಆಳವಿಲ್ಲದ ತಳದ ಮೇಲೆ ಅಲೆ ಗೋಡೆಯಾಗಿ ಏಳುವಂತೆ ಅಲ್ಲಿ ಏಳಲಿಲ್ಲ. ಉಬ್ಬರದಂತೆ ಉಕ್ಕಿ ದ್ವೀಪಗಳ ಮೇಲೆ ಹಾದುಹೋಯಿತು. ನೂರಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು. ತಮಿಳುನಾಡು, ಶ್ರೀಲಂಕಾಗಳಿಗೆ ಹೋಲಿಸಿದರೆ ಸಾವು ಕಡಿಮೆ. ಆದರೆ ಉಪ್ಪುನೀರು ಮೇಲಿನಿಂದಲೇ ಬಾವಿಗಳಿಗೂ ಮಣ್ಣಿಗೂ ಇಳಿಯಿತು. ಕಂದೊಳುದೂ ಎಂಬ ದ್ವೀಪ ವಾಸಕ್ಕೆ ಬಾರದಂತಾಗಿ ಅಲ್ಲಿನ ಸಾವಿರಾರು ಜನರು ಕೆಲವು ವರ್ಷ ಅನ್ಯ ದ್ವೀಪಗಳಲ್ಲಿ ಆಶ್ರಯ ಪಡೆದು, ಕೊನೆಗೆ ದುವಾಫರು ಎಂಬ ಬೇರೊಂದು ದ್ವೀಪದಲ್ಲಿ ಹೊಸದಾಗಿ ಊರು ಕಟ್ಟಿಕೊಳ್ಳಬೇಕಾಯಿತು.

ಇಂದು ರಾಜಧಾನಿಯ ಜನ ಕುಡಿಯುವುದು ಸಮುದ್ರದ ನೀರಿನಿಂದ ಯಂತ್ರದ ಮೂಲಕ ಉಪ್ಪು ತೆಗೆದ ನೀರನ್ನು. 2014ರ ಡಿಸೆಂಬರ್ 4ರಂದು ಆ ಯಂತ್ರಾಗಾರಕ್ಕೆ ಬೆಂಕಿ ಬಿದ್ದಾಗ ಸುತ್ತಲೂ ಕಡಲಿರುವ ನಗರದಲ್ಲಿ ಒಂದು ಲೋಟ ಕುಡಿಯುವ ನೀರಿಗೆ ಸಾಲು ನಿಲ್ಲಬೇಕಾಯಿತು. ಭಾರತದ ವಾಯುಪಡೆಯ ವಿಮಾನಗಳೂ ನೌಕಾಪಡೆಯ ಹಡಗುಗಳೂ ನೀರು ಹೊತ್ತು ಹೋದವು. ‘ಆಪರೇಷನ್ ನೀರ್’ ಎಂದು ಆ ಕಾರ್ಯಾಚರಣೆಗೆ ಹೆಸರು. ಹೊರಗಿನ ದ್ವೀಪಗಳಲ್ಲಿ ಈಗಲೂ ಮನೆಮನೆಯ ಮಾಡಿನಿಂದ ಮಳೆನೀರನ್ನು ತೊಟ್ಟಿಗೆ ತುಂಬಿಸಿಕೊಳ್ಳುತ್ತಾರೆ. ಇರುವೈಯ ಒಣತಿಂಗಳುಗಳಲ್ಲಿ ತೊಟ್ಟಿ ಬರಿದಾದರೆ ಸರಕಾರ ದೋಣಿಯಲ್ಲಿ ನೀರು ಕಳಿಸಬೇಕು.

ಏರುವ ಕಡಲು, ಬಿಳುಚುವ ಹವಳ

1987ರ ಏಪ್ರಿಲ್ ತಿಂಗಳಲ್ಲಿ ಬಹುದೂರದ ದಕ್ಷಿಣ ಸಾಗರದ ಬಿರುಗಾಳಿಯಿಂದ ಎದ್ದ ಅಲೆಗಳು ಮಾಲೆ ನಗರವನ್ನು ನುಗ್ಗಿ ತುಂಬಿದವು. ಅದೇ ವರ್ಷದ ಅಕ್ಟೋಬರಿನಲ್ಲಿ ಅಧ್ಯಕ್ಷ ಮೌಮೂನ್ ಅಬ್ದುಲ್ ಗಯೂಮ್ ಅವರು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ, ಕಡಲು ಏರಿದರೆ ತಮ್ಮ ರಾಷ್ಟ್ರವೇ ಸಾಯುತ್ತದೆಂದು ಎಚ್ಚರಿಸಿದರು. ಹವಾಮಾನ ಬದಲಾವಣೆಯೆಂಬ ಮಾತು ಪತ್ರಿಕೆಗಳಿಗೆ ಇನ್ನೂ ಹೊಸದಾಗಿದ್ದ ಕಾಲ ಅದು. 2009ರಲ್ಲಿ ಅಧ್ಯಕ್ಷ ಮೊಹಮದ್ ನಶೀದ್ ಅವರು ಮಂತ್ರಿಗಳೊಂದಿಗೆ ಕಡಲ ತಳದಲ್ಲಿ ಸಂಪುಟಸಭೆ ನಡೆಸಿದ ಚಿತ್ರವನ್ನು ಅನೇಕರು ನೋಡಿರಬಹುದು.

ಅಂದಿನಿಂದ ವಿಜ್ಞಾನದ ಲೆಕ್ಕ ಹೆಚ್ಚು ಖಚಿತವಾಗಿದೆ. 1901ರಿಂದ 2018ರ ನಡುವೆ ಜಗತ್ತಿನ ಸರಾಸರಿ ಕಡಲಮಟ್ಟ ಸುಮಾರು 20 ಸೆಂಟಿಮೀಟರು ಏರಿದೆ. ಈಗ ಏರುವ ವೇಗ ಮೊದಲಿನದಕ್ಕಿಂತ ಹೆಚ್ಚು. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯ ಅಂದಾಜಿನಂತೆ, ಇಂಗಾಲದ ಹೊಗೆಯನ್ನು ಬೇಗ ತಗ್ಗಿಸಿದರೆ ಈ ಶತಮಾನದ ಕೊನೆಗೆ ಏರಿಕೆ ಅರ್ಧ ಮೀಟರಿನ ಆಸುಪಾಸಿನಲ್ಲಿ ನಿಲ್ಲಬಹುದು. ತಗ್ಗಿಸದಿದ್ದರೆ ಒಂದು ಮೀಟರನ್ನು ಮುಟ್ಟಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಹವಳ ಜೀವಂತವಾಗಿದ್ದರೆ, ಮರಳು ಹುಟ್ಟುತ್ತಿದ್ದರೆ, ಏರುವ ಕಡಲಿನ ಜೊತೆಗೆ ದ್ವೀಪವೂ ಸ್ವಲ್ಪಮಟ್ಟಿಗೆ ಏರಬಲ್ಲುದೆಂದು ಕೆಲವು ಭೂವಿಜ್ಞಾನಿಗಳು ತೋರಿಸಿದ್ದಾರೆ. ದೊಡ್ಡ ಅಲೆಗಳು ದ್ವೀಪದ ಮೇಲೆ ಹಾದು ಮರಳನ್ನು ಹರಡಿ ಹೋಗುತ್ತವೆ, ನೆಲ ಎತ್ತರವಾಗುತ್ತದೆ. ಆದರೆ ಅಲೆ ಹಾದುಹೋಗುವ ನೆಲದ ಮೇಲೆ ಶಾಲೆ, ಮಸೀದಿ, ಬಾವಿ, ತೋಟ ಇರುವಾಗ ಆ ಕ್ರಿಯೆಗೆ ನಾವು ಪ್ರವಾಹವೆಂದು ಹೆಸರಿಡುತ್ತೇವೆ. ದ್ವೀಪಕ್ಕೆ ಹಿತವಾದದ್ದು ಮನೆಗೆ ಅಹಿತ. ತಡೆಗೋಡೆ ಕಟ್ಟಿದರೆ ಮನೆ ಉಳಿಯುತ್ತದೆ, ಮರಳು ಬಾರದು.

ಇದಕ್ಕಿಂತ ದೊಡ್ಡ ಆತಂಕ ಹವಳದ್ದು. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸಿಸಿ ಅದಕ್ಕೆ ಬಣ್ಣವನ್ನೂ ಆಹಾರವನ್ನೂ ಕೊಡುತ್ತವೆ. ಸಮುದ್ರದ ನೀರು ವಾಡಿಕೆಯ ಗರಿಷ್ಠ ಉಷ್ಣತೆಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೂ ಹವಳ ಆ ಪಾಚಿಯನ್ನು ಹೊರದೂಡಿ ಬಿಳುಚಿಕೊಳ್ಳುತ್ತದೆ. ನೀರು ತಣಿಯದಿದ್ದರೆ ಸಾಯುತ್ತದೆ. 1998ರ ಎಲ್ ನಿನೋ ಬಿಸಿಯಲ್ಲಿ ಮಾಲ್ಡೀವ್ಸಿನ ಆಳವಿಲ್ಲದ ನೀರಿನ ಹವಳಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಸತ್ತವು. ಸುಮಾರು ಹದಿನೈದು ವರ್ಷಗಳಲ್ಲಿ ಬಹಳ ಕಡೆ ಚೇತರಿಸಿಕೊಂಡವು. 2016ರಲ್ಲಿ ಮತ್ತೆ ಬಿಳುಚಿದವು. ಹೊಡೆತಗಳ ನಡುವಿನ ಅಂತರ ಕಡಿಮೆಯಾದಂತೆ ಚೇತರಿಕೆಗೆ ಸಮಯ ಸಿಗುವುದಿಲ್ಲ. ಬೆಳೆಯುವ ಹವಳವಿಲ್ಲದೆ ಅಲೆಯನ್ನು ಮುರಿಯುವ ಬೇಲಿ ಉಳಿಯುವುದಿಲ್ಲ, ಹೊಸ ಮರಳು ಬರುವುದಿಲ್ಲ.

ಮಾಲ್ಡೀವ್ಸ್ ಕೈಕಟ್ಟಿ ಕುಳಿತಿಲ್ಲ. ಜಪಾನಿನ ನೆರವಿನಿಂದ ಮಾಲೆಯ ಸುತ್ತ ಕಾಂಕ್ರೀಟಿನ ತಡೆಗೋಡೆ ಎದ್ದಿದೆ. 1997ರಿಂದ ಕಡಲ ತಳದ ಮರಳನ್ನು ಎತ್ತಿ ಹಾಕಿ ಸುಮಾರು ಎರಡು ಮೀಟರು ಎತ್ತರದ ಹುಳುಮಾಲೆ ಎಂಬ ಹೊಸ ದ್ವೀಪವನ್ನು ನಿರ್ಮಿಸಿದ್ದಾರೆ. ಆದರೆ ಮರಳು ಎತ್ತುವಾಗ ಏಳುವ ಕೆಸರು ಸುತ್ತಲಿನ ಹವಳಗಳ ಮೇಲೆ ಕೂರುತ್ತದೆ. ಒಂದು ನೆಲವನ್ನು ಉಳಿಸಲು ಇನ್ನೊಂದರ ಬೇರನ್ನು ಮುಟ್ಟಬೇಕಾದ ಇಕ್ಕಟ್ಟು ಅದು.

ನೆಲ ಹೋದರೆ ದೇಶ ಉಳಿಯುವುದೇ?

ಇಲ್ಲಿಂದ ಮುಂದಿನದು ಕಾನೂನಿನ ಪ್ರಶ್ನೆ. 1933ರ ಮೊಂಟೆವಿಡಿಯೋ ಒಡಂಬಡಿಕೆ ರಾಷ್ಟ್ರವೆನಿಸಿಕೊಳ್ಳಲು ನಾಲ್ಕು ಲಕ್ಷಣಗಳನ್ನು ಹೇಳಿತು: ಸ್ಥಿರವಾದ ಜನಸಮುದಾಯ, ಗೊತ್ತಾದ ಭೂಪ್ರದೇಶ, ಸರಕಾರ, ಅನ್ಯ ರಾಷ್ಟ್ರಗಳೊಂದಿಗೆ ವ್ಯವಹರಿಸುವ ಸಾಮರ್ಥ್ಯ. 1982ರ ಸಮುದ್ರ ಕಾನೂನಿನ ಒಡಂಬಡಿಕೆಯಂತೆ ದ್ವೀಪವೆಂದರೆ ಸಹಜವಾಗಿ ಹುಟ್ಟಿ, ಸುತ್ತಲೂ ನೀರಿದ್ದು, ಉಬ್ಬರದಲ್ಲೂ ಮುಳುಗದ ನೆಲ. ಮನುಷ್ಯವಾಸಕ್ಕಾಗಲಿ ಸ್ವಂತ ಆರ್ಥಿಕ ಜೀವನಕ್ಕಾಗಲಿ ಆಧಾರವಾಗದ ಬರಿ ಬಂಡೆಗೆ 200 ನಾವಿಕ ಮೈಲಿಯ ಕಡಲಿನ ಹಕ್ಕಿಲ್ಲ. ಮನುಷ್ಯ ಕಟ್ಟಿದ ದ್ವೀಪಕ್ಕೆ ದ್ವೀಪದ ಸ್ಥಾನವೇ ಇಲ್ಲ. ಕಡಲಿನ ಹಕ್ಕನ್ನು ಅಳೆಯುವುದು ತೀರದ ಇಳಿತದ ಗೆರೆಯಿಂದ. ತೀರ ಹಿಂದೆ ಸರಿದರೆ ಗೆರೆಯೂ ಸರಿಯಬೇಕೇ? 300 ಚದರ ಕಿಲೋಮೀಟರು ನೆಲದೊಂದಿಗೆ ಒಂಬತ್ತು ಲಕ್ಷ ಚದರ ಕಿಲೋಮೀಟರು ಕಡಲೂ, ಅದರ ಮೀನೂ, ಮಕ್ಕಳ ಮುಂದಿನ ಅನ್ನವೂ ಹೋಗಬೇಕೇ?

ಈ ಪ್ರಶ್ನೆಗಳನ್ನು ನ್ಯಾಯಾಲಯದ ಬಾಗಿಲಿಗೆ ಒಯ್ದವರಲ್ಲಿ ವಿದ್ಯಾರ್ಥಿಗಳಿದ್ದರೆಂಬುದನ್ನು ನಮ್ಮ ಮಕ್ಕಳು ತಿಳಿಯಬೇಕು. 2019ರಲ್ಲಿ ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳ ಒಂದು ಸಣ್ಣ ಗುಂಪು, ಹವಾಮಾನದ ವಿಷಯದಲ್ಲಿ ರಾಷ್ಟ್ರಗಳ ಕರ್ತವ್ಯವೇನೆಂದು ಅಂತಾರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಬೇಕೆಂಬ ಪ್ರಚಾರ ತೊಡಗಿತು. ವನುವಾಟು ಎಂಬ ದ್ವೀಪರಾಷ್ಟ್ರ ಅದನ್ನು ಎತ್ತಿಕೊಂಡಿತು. 2023ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಮ್ಮತದಿಂದ ಆ ಪ್ರಶ್ನೆಯನ್ನು ಹೇಗ್ ನಗರದ ನ್ಯಾಯಾಲಯಕ್ಕೆ ಕಳುಹಿಸಿತು. 2025ರ ಜುಲೈ 23ರಂದು ಉತ್ತರ ಬಂತು. ಹವಾಮಾನವನ್ನು ಕಾಪಾಡುವುದು ರಾಷ್ಟ್ರಗಳ ಕಾನೂನುಬದ್ಧ ಕರ್ತವ್ಯ. ಒಮ್ಮೆ ಗೊತ್ತುಮಾಡಿದ ಕಡಲಗೆರೆಗಳನ್ನು ನೀರು ಏರಿತೆಂಬ ಕಾರಣಕ್ಕೆ ತಿದ್ದಬೇಕಾದ ಬಾಧ್ಯತೆಯಿಲ್ಲ. ಒಮ್ಮೆ ಸ್ಥಾಪಿತವಾದ ರಾಷ್ಟ್ರ ತನ್ನ ಲಕ್ಷಣಗಳಲ್ಲಿ ಒಂದನ್ನು ಕಳೆದುಕೊಂಡ ಮಾತ್ರಕ್ಕೆ ರಾಷ್ಟ್ರವಾಗಿ ಇಲ್ಲವಾಗಬೇಕೆಂದೇನೂ ಇಲ್ಲ. ಇದು ಸಲಹಾ ಅಭಿಪ್ರಾಯ. ಡಿಕ್ರಿಯಂತೆ ಜಾರಿ ಮಾಡಿಸಲಾಗದು. ಆದರೂ ಮುಂದಿನ ಎಲ್ಲ ವಾದಗಳೂ ಇದರ ಮೇಲೆಯೇ ನಿಲ್ಲುತ್ತವೆ.

ಕಾನೂನಿನ ಈ ಮಾತಿಗೆ ಬೆಲೆಯಿದೆ, ಮಿತಿಯೂ ಇದೆ. ನ್ಯಾಯಾಲಯ ಗೆರೆಯನ್ನು ಕಾಯಬಲ್ಲುದು, ಧ್ವಜವನ್ನು ಕಾಯಬಲ್ಲುದು. ಬಾವಿಯೊಳಗಿನ ಸಿಹಿನೀರನ್ನು ಅದು ಕಾಯಲಾರದು. ಹವಳಕ್ಕೆ ತಂಪನ್ನು ಕೊಡಲಾರದು. ಅದು ಆಗಬೇಕಾದರೆ ಹೊಗೆ ಉಗುಳುವ ದೇಶಗಳು ಅದನ್ನು ತಗ್ಗಿಸಬೇಕು. ದ್ವೀಪವಾಸಿಗಳು ಉಗುಳುವ ಹೊಗೆಯಾದರೋ ಲೆಕ್ಕಕ್ಕೆ ಸಿಗದಷ್ಟು ಅಲ್ಪ.

ಗೆರೆ ಎಳೆದಾಗ ಏನಾಗುತ್ತದೆಂಬುದು ನಮಗೆ ಪುಸ್ತಕದ ಪಾಠವಲ್ಲ. ಲಕ್ಷದ್ವೀಪದ ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರಾಗಳೆಂಬ ಅಮಿನ್‌ದೀವಿ ದ್ವೀಪಗಳು 1956ರವರೆಗೆ ನಮ್ಮೊಂದಿಗೆ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಆ ವರ್ಷದ ರಾಜ್ಯ ಪುನರ್ವಿಂಗಡಣಾ ಕಾಯಿದೆ ನವೆಂಬರ್ 1ರಂದು ಕಾಸರಗೋಡನ್ನು ಕೇರಳಕ್ಕೂ ಅಮಿನ್‌ದೀವಿಯನ್ನು ಕೇಂದ್ರಾಡಳಿತಕ್ಕೂ ಒಪ್ಪಿಸಿತು. ಅದೇ ಲಕ್ಷದ್ವೀಪದ ದಕ್ಷಿಣ ತುದಿಯ ಮಿನಿಕಾಯ್ ದ್ವೀಪದಲ್ಲಿ ಜನ ಆಡುವ ಮಹ್ಲ್ ಮಾಲ್ಡೀವ್ಸಿನ ದಿವೆಹಿಯದೇ ರೂಪ. ದೇಶ ಭಾರತ, ಮಾತು ಗಡಿಯಾಚೆಯದು. ಗಡಿಯ ಈಚೆ ಉಳಿದೂ ತಮ್ಮ ಮಾತನ್ನು ಬಿಡದವರು ಅವರು. ಆದರೆ ನಮ್ಮ ಗೆರೆ ಸರಿದಾಗ ಮನೆ, ತೋಟ, ಬಾವಿ, ಶಾಲೆ ಇದ್ದಲ್ಲೇ ಇದ್ದವು. ಆ ನೆಲದ ಮೇಲೆ ನಿಂತೇ ಮಕ್ಕಳಿಗೆ ಕನ್ನಡ ಕಲಿಸುತ್ತಾ ಬಂದೆವು. ಮಾಲ್ಡೀವ್ಸಿನ ಪೋಷಕರ ಮುಂದಿರುವ ಪ್ರಶ್ನೆ ಇದಕ್ಕೆ ತಿರುಗುಮುರುಗು: ಗೆರೆ ಇದ್ದಲ್ಲೇ ಉಳಿದು ನೆಲವೇ ಸರಿದರೆ ಮಕ್ಕಳು ದಿವೆಹಿಯನ್ನು ಎಲ್ಲಿ ನಿಂತು ಕಲಿಯಬೇಕು?

ಈ ವಾರ ಮಕ್ಕಳು ಎರಡು ಕೆಲಸ ಮಾಡಲಿ. ಅಟ್ಲಾಸಿನಲ್ಲಿ ಕಾಸರಗೋಡಿನಿಂದ ಬೆರಳಿಟ್ಟು ಅಮಿನಿ, ಮಿನಿಕಾಯ್ ದಾಟಿ, ಎಂಟನೆಯ ಡಿಗ್ರಿಯ ಕಾಲುವೆಯ ಮೂಲಕ ಮಾಲೆಗೂ ಅಲ್ಲಿಂದ ಸಮಭಾಜಕಕ್ಕೂ ಹೋಗಿ ಬರಲಿ. ಆ ಮೇಲೆ ಮನೆಯ ಗೋಡೆಯ ಮೇಲೆ ನೆಲದಿಂದ ಒಂದೂವರೆ ಮೀಟರು ಎತ್ತರಕ್ಕೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಲಿ. ಅದು ಆ ದೇಶದ ಸರಾಸರಿ ಎತ್ತರ. ಒಂದು ಮೀಟರಿಗೆ ಇನ್ನೊಂದು ಗೆರೆ ಎಳೆಯಲಿ. ಅದು ಹೊಗೆ ತಗ್ಗದಿದ್ದರೆ ಈ ಶತಮಾನದ ಕೊನೆಗೆ ಕಡಲು ಮುಟ್ಟಬಹುದಾದ ಮಟ್ಟ. ನಡುವಿನ ಅಂತರವನ್ನು ಮಕ್ಕಳು ತಮ್ಮ ಕೈಯಿಂದಲೇ ಅಳೆಯಲಿ. ಅದು ಒಂದು ಮೊಳಕ್ಕಿಂತ ತುಸು ಹೆಚ್ಚು. ಉಬ್ಬರವೂ ಅಲೆಯೂ ಆ ಒಂದು ಮೊಳದೊಳಗೇ ಬಂದುಹೋಗಬೇಕು.